ಯಂತ್ರವಿಲ್ಲದೆ ಹಣ್ಣಿನ ಫ್ರೋಜನ್ ಯೋಗರ್ಟ್: ಎಲ್ಲವೂ ನೀರಿನ ಲೆಕ್ಕ

ಮನೆಯಲ್ಲಿ ಫ್ರೋಜನ್ ಯೋಗರ್ಟ್ ಮಾಡಬೇಕೆಂದು ನಾನು ಮೊದಲ ಸಲ ಹೊರಟಾಗ ಮಾಡಿದ್ದು ಇಷ್ಟೇ: ಮೊಸರಿಗೆ ಸ್ಟ್ರಾಬೆರಿಯ ತಿರುಳನ್ನೂ ನಾಲ್ಕು ಚಮಚ ಸಕ್ಕರೆಯನ್ನೂ ಬೆರೆಸಿ, ಆಳವಾದ ಡಬ್ಬಿಗೆ ಸುರಿದು, ಫ್ರೀಜರಿನಲ್ಲಿಟ್ಟು ಮಲಗಿಬಿಟ್ಟೆ. ಬೆಳಿಗ್ಗೆ ಸಿಕ್ಕಿದ್ದು ಗುಲಾಬಿ ಬಣ್ಣದ ಒಂದು ಇಟ್ಟಿಗೆ. ಚಮಚ ಬಾಗಿತೇ ಹೊರತು ಇಟ್ಟಿಗೆ ಜಗ್ಗಲಿಲ್ಲ. ಕಾಲು ಗಂಟೆ ಹೊರಗಿಟ್ಟ ಮೇಲೆ ಅಂಚುಗಳು ಕರಗಿ ನೀರಾದವು, ನಡುಭಾಗ ಮಾತ್ರ ಕಲ್ಲಿನಂತೆಯೇ ಉಳಿಯಿತು. ಕೆರೆದು ಬಾಯಿಗಿಟ್ಟರೆ ಹಲ್ಲಿನಡಿ ಹರಳು ಹರಳಾಗಿ ಸಿಗುತ್ತಿತ್ತು. ಸಕ್ಕರೆಯನ್ನು ಕಡಿಮೆ ಹಾಕಿ ಜಾಣತನ ಮಾಡಿದೆನೆಂಬ ಹೆಮ್ಮೆಯೂ ಆ ಅಂಚಿನೊಂದಿಗೇ ಕರಗಿಹೋಯಿತು.

ಆಗ ನಾನು ದೂರಿದ್ದು ನನ್ನಲ್ಲಿ ಐಸ್‌ಕ್ರೀಮ್ ಯಂತ್ರವಿಲ್ಲ ಎಂಬುದನ್ನು. ಆಮೇಲೆ ಹಲವು ಸಲ ಮಾಡಿ ನೋಡಿದ ಬಳಿಕ ತಪ್ಪು ಅಲ್ಲಿರಲಿಲ್ಲವೆಂದು ತಿಳಿಯಿತು. ಯಂತ್ರ ಮಾಡುವುದು ಮುಖ್ಯವಾಗಿ ಎರಡು ಕೆಲಸ: ಮಿಶ್ರಣವನ್ನು ಬೇಗನೆ ತಣಿಸುತ್ತದೆ ಮತ್ತು ತಣಿಯುತ್ತಿರುವಾಗಲೇ ಬಿಡದೆ ಕಡೆಯುತ್ತದೆ. ಬೇಗ ತಣಿದರೆ ನೀರಿನ ಹರಳುಗಳು ಬೆಳೆಯಲು ಸಮಯ ಸಿಗುವುದಿಲ್ಲ; ಕಡೆದರೆ ಬೆಳೆಯತೊಡಗಿದ ಹರಳುಗಳು ಮುರಿಯುತ್ತವೆ, ಜೊತೆಗೆ ಒಂದಿಷ್ಟು ಗಾಳಿಯೂ ಒಳಸೇರುತ್ತದೆ. ಹರಳುಗಳು ಸುಮಾರು 50 ಮೈಕ್ರಾನ್‌ಗಿಂತ ದೊಡ್ಡವಾದರೆ ನಾಲಿಗೆ ಅದನ್ನು ಒರಟೆಂದು ಗುರುತಿಸುತ್ತದೆ, ಅದಕ್ಕಿಂತ ಚಿಕ್ಕವಾಗಿದ್ದರೆ ನುಣುಪೆಂದು ಒಪ್ಪಿಕೊಳ್ಳುತ್ತದೆ. ಹಾಗಾದರೆ ಯಂತ್ರವಿಲ್ಲದವರು ಕೇಳಿಕೊಳ್ಳಬೇಕಾದ ಪ್ರಶ್ನೆ 'ಹರಳನ್ನು ಹೇಗೆ ಮುರಿಯಲಿ' ಎಂಬುದಕ್ಕಿಂತ ಮೊದಲು 'ಹರಳಾಗಲು ಇಷ್ಟೊಂದು ನೀರನ್ನು ಏಕೆ ಬಿಟ್ಟಿದ್ದೇನೆ' ಎಂಬುದು. ಕನ್ನಡದಲ್ಲಿ ಹಾಲೂ ಹೆಪ್ಪುಗಟ್ಟುತ್ತದೆ, ನೀರೂ ಹೆಪ್ಪುಗಟ್ಟುತ್ತದೆ. ಈ ಪದಾರ್ಥದಲ್ಲಿ ಎರಡೂ ಒಂದರ ಮೇಲೊಂದು ನಡೆಯುತ್ತವೆ. ಮೊದಲನೆಯದು ಎಷ್ಟು ಗಟ್ಟಿಯಾಗಿರುತ್ತದೆಯೋ ಎರಡನೆಯದು ಅಷ್ಟು ಮೃದುವಾಗುತ್ತದೆ ಎಂಬುದೇ ಇಲ್ಲಿನ ಸ್ವಾರಸ್ಯ.

ಮೊಸರಿನಲ್ಲಿ ನೂರಕ್ಕೆ ಸುಮಾರು 85ರಿಂದ 88 ಭಾಗ ನೀರೇ. ಸ್ಟ್ರಾಬೆರಿಯಲ್ಲಿ ಸುಮಾರು 91 ಭಾಗ, ಮಾವಿನಹಣ್ಣಿನಲ್ಲಿ ಸುಮಾರು 83, ಬಾಳೆಹಣ್ಣಿನಲ್ಲಿ ಸುಮಾರು 75. ಹೀಗಿರುವಾಗ ಮೊಸರನ್ನೂ ಹಣ್ಣನ್ನೂ ಹಾಗೆಯೇ ಬೆರೆಸಿ ಫ್ರೀಜರಿಗೆ ಇಡುವುದೆಂದರೆ ಬಣ್ಣದ ನೀರನ್ನು ಇಟ್ಟಂತೆಯೇ ಸರಿ. ಆದ್ದರಿಂದ ನನ್ನ ಅಡುಗೆ ಈಗ ಫ್ರೀಜರಿನಿಂದಲ್ಲ, ಒಂದು ತೆಳುವಾದ ಹತ್ತಿ ಬಟ್ಟೆಯಿಂದ ಆರಂಭವಾಗುತ್ತದೆ. ಕೆನೆ ತೆಗೆಯದ ಹಾಲಿನಿಂದ ಮಾಡಿದ ಒಂದು ಕಿಲೋ ಮೊಸರನ್ನು, ಹುಳಿ ಏರುವ ಮುನ್ನವೇ, ಒದ್ದೆ ಮಾಡಿ ಹಿಂಡಿದ ಬಟ್ಟೆಯಲ್ಲಿ ಸುರಿದು, ಜರಡಿಯ ಮೇಲಿಟ್ಟು, ಕೆಳಗೊಂದು ಪಾತ್ರೆಯನ್ನಿರಿಸಿ ಫ್ರಿಜ್ಜಿನಲ್ಲಿ ಆರೇಳು ಗಂಟೆ ಬಿಡುತ್ತೇನೆ. ಹೊರಗೆ ನೇತುಹಾಕಿದರೆ ಬೇಗ ಸೋರುತ್ತದೆ ನಿಜ, ಆದರೆ ಮೊಸರಿನ ಬ್ಯಾಕ್ಟೀರಿಯಾಗಳು ಅಷ್ಟು ಹೊತ್ತೂ ಸುಮ್ಮನಿರದೆ ಹುಳಿಯನ್ನು ಏರಿಸುತ್ತಲೇ ಇರುತ್ತವೆ. ಆ ಹುಳಿಯನ್ನು ಮುಚ್ಚಲು ಮತ್ತೆ ಸಕ್ಕರೆ ಸುರಿಯಬೇಕಾಗುತ್ತದೆ. ಒಂದು ಕಿಲೋ ಮೊಸರು 600 ಗ್ರಾಮಿನ ಆಸುಪಾಸಿಗೆ ಇಳಿದಾಗ ನಿಲ್ಲಿಸುವುದು ಒಳ್ಳೆಯದು. ಒಮ್ಮೆ ಉತ್ಸಾಹದಲ್ಲಿ ಬಟ್ಟೆಯನ್ನು ಹಿಂಡಿ ಹಿಂಡಿ 400 ಗ್ರಾಮಿಗೆ ಇಳಿಸಿದ್ದೆ. ಹೆಪ್ಪುಗಟ್ಟಿದ ಮೇಲೆ ಅದು ಸೀಮೆಸುಣ್ಣದ ಪುಡಿಯನ್ನು ಕಲಸಿದಂತೆ ನಾಲಿಗೆಗೆ ಅಂಟಿಕೊಂಡಿತು. ಸೋರಿದ ತಿಳಿನೀರನ್ನು ಚೆಲ್ಲಬೇಕಾಗಿಲ್ಲ, ಹಿಟ್ಟು ಕಲಸಲು ಅದು ಬಹಳ ಚೆನ್ನಾಗಿ ಒದಗುತ್ತದೆ.

ಇನ್ನು ಹಣ್ಣಿನ ನೀರು. ಇದನ್ನು ಹೆಚ್ಚಿನವರು ಮರೆಯುತ್ತಾರೆ, ನಾನೂ ಮರೆತಿದ್ದೆ. ಅರ್ಧ ಕಿಲೋ ಸ್ಟ್ರಾಬೆರಿಯನ್ನು ಹೆಚ್ಚಿ 60 ಗ್ರಾಂ ಸಕ್ಕರೆ ಬೆರೆಸಿ ಅರ್ಧ ಗಂಟೆ ಇಟ್ಟರೆ, ಸಕ್ಕರೆ ಹಣ್ಣಿನೊಳಗಿನ ರಸವನ್ನು ಹೊರಗೆಳೆಯುತ್ತದೆ. ಆ ರಸಸಮೇತ ಅಗಲವಾದ ಬಾಣಲೆಯಲ್ಲಿ ಮಧ್ಯಮ ಉರಿಯ ಮೇಲೆ ಕುದಿಸಿ, ಒಟ್ಟು ತೂಕ 300 ಗ್ರಾಮಿನಷ್ಟಾಗುವವರೆಗೆ ಬತ್ತಿಸಬೇಕು. ಜಾಮಿನಷ್ಟು ಗಟ್ಟಿಯಾಗಬಾರದು, ಚಮಚದಿಂದ ಬಾಣಲೆಯ ತಳದಲ್ಲಿ ಗೆರೆ ಎಳೆದರೆ ಆ ಗೆರೆ ಒಂದು ಕ್ಷಣ ನಿಂತು ಮುಚ್ಚಿಕೊಳ್ಳಬೇಕು. ಕುದಿಸಿದರೆ ಹಣ್ಣಿನ ತಾಜಾತನ ಹೋಗುತ್ತದೆಂಬ ಆಕ್ಷೇಪಣೆ ಸರಿಯೇ. ಅದಕ್ಕಾಗಿ ನಾನು ನಾಲ್ಕೈದು ಹಸಿ ಹಣ್ಣುಗಳನ್ನು ತೆಗೆದಿಟ್ಟು, ಬತ್ತಿಸಿದ ತಿರುಳು ಪೂರ್ತಿ ತಣ್ಣಗಾದ ಬಳಿಕ ಅವನ್ನೂ ನುಣ್ಣಗೆ ರುಬ್ಬಿ ಸೇರಿಸುತ್ತೇನೆ. ಮಾವು ಮತ್ತು ಬಾಳೆಹಣ್ಣಿಗೆ ಈ ಉಪಚಾರ ಬೇಕಿಲ್ಲ, ಅವುಗಳ ತಿರುಳು ತಾನಾಗಿಯೇ ದಪ್ಪ. ಮಾವಿನಲ್ಲಿ ಸಕ್ಕರೆಯೂ ಹೆಚ್ಚಿರುವುದರಿಂದ ಮೇಲಿನ ಅಳತೆಯಲ್ಲಿ 40 ಗ್ರಾಂ ಕಡಿಮೆ ಮಾಡಬಹುದು. ಕಲ್ಲಂಗಡಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಕಠಿಣವಾಗಿದೆ: ಅದನ್ನು ಹೋಳು ಮಾಡಿ ತಿನ್ನುವುದೇ ಮೇಲು.

ಅನಾನಸ್, ಪಪ್ಪಾಯಿ, ಕಿವಿ ಹಣ್ಣುಗಳ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಅನಾನಸ್‌ನಲ್ಲಿರುವ ಬ್ರೋಮಲೇನ್, ಪಪ್ಪಾಯಿಯಲ್ಲಿರುವ ಪಪೇನ್, ಕಿವಿಯಲ್ಲಿರುವ ಆಕ್ಟಿನಿಡಿನ್ ಎಂಬ ಕಿಣ್ವಗಳು ಹಾಲಿನ ಪ್ರೋಟೀನನ್ನು ಕತ್ತರಿಸುತ್ತವೆ. ಹಸಿಯಾಗಿಯೇ ಮೊಸರಿಗೆ ಬೆರೆಸಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಕಹಿ ಇಣುಕುತ್ತದೆ, ಮೊಸರೂ ತೆಳ್ಳಗಾಗುತ್ತದೆ. ಚಳಿಯಿಂದ ಈ ಕಿಣ್ವಗಳ ವೇಗ ತಗ್ಗುತ್ತದೆಯೇ ಹೊರತು ಅವು ನಾಶವಾಗುವುದಿಲ್ಲ, ಶಾಖಕ್ಕೆ ಮಾತ್ರ ಮಣಿಯುತ್ತವೆ. ಹಾಗಾಗಿ ಈ ಮೂರನ್ನೂ ಚೆನ್ನಾಗಿ ಕುದಿಸಿ, ತಣಿಸಿದ ಮೇಲಷ್ಟೇ ಮೊಸರಿಗೆ ಸೇರಿಸಬೇಕು.

ಸಕ್ಕರೆಯ ಮಾತಿಗೆ ಬರೋಣ, ಏಕೆಂದರೆ ನನ್ನ ಮೊದಲ ಇಟ್ಟಿಗೆಗೆ ಅರ್ಧ ಕಾರಣ ಅದೇ. ಇಲ್ಲಿ ಸಕ್ಕರೆ ಬರೀ ಸಿಹಿಗಾಗಿ ಇರುವುದಲ್ಲ. ನೀರಿನಲ್ಲಿ ಏನನ್ನು ಕರಗಿಸಿದರೂ ಅದು ಹೆಪ್ಪುಗಟ್ಟುವ ಉಷ್ಣತೆ ಕೆಳಗಿಳಿಯುತ್ತದೆ. ಒಂದು ಕಿಲೋ ನೀರಿನಲ್ಲಿ 342 ಗ್ರಾಂ ಸಕ್ಕರೆ ಕರಗಿಸಿದರೆ ಸುಮಾರು 1.86 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಇಷ್ಟು ಅಲ್ಪ ಇಳಿತದಿಂದ ಏನು ಪ್ರಯೋಜನವೆಂದು ಅನ್ನಿಸಬಹುದು. ಆದರೆ ನೀರು ಹರಳಾಗಿ ಬೇರ್ಪಡುತ್ತ ಹೋದಂತೆ ಉಳಿದ ದ್ರವದಲ್ಲಿ ಸಕ್ಕರೆಯ ಸಾಂದ್ರತೆ ಏರುತ್ತ ಹೋಗುತ್ತದೆ, ಅದು ಹೆಪ್ಪುಗಟ್ಟಬೇಕಾದರೆ ಮತ್ತಷ್ಟು ಚಳಿ ಬೇಕಾಗುತ್ತದೆ, ಕಡೆಗೆ ಮನೆಯ ಫ್ರೀಜರಿನ ಮೈನಸ್ 18 ಡಿಗ್ರಿಯಲ್ಲಿಯೂ ಒಂದು ಪಾಲು ಪಾಕವಾಗಿಯೇ ಹರಳುಗಳ ನಡುವೆ ಉಳಿದುಬಿಡುತ್ತದೆ. ಚಮಚ ಒಳಗಿಳಿಯುವುದು ಆ ಪಾಕದ ದಯೆಯಿಂದ. ಗ್ಲೂಕೋಸ್ ಮತ್ತು ಫ್ರಕ್ಟೋಸ್‌ನ ಅಣುಗಳು ಸಕ್ಕರೆಯ ಅಣುವಿಗಿಂತ ಚಿಕ್ಕವು, ಆದ್ದರಿಂದ ಅದೇ ತೂಕಕ್ಕೆ ಅವು ಹೆಚ್ಚುಕಡಿಮೆ ಇಮ್ಮಡಿ ಕೆಲಸ ಮಾಡುತ್ತವೆ. ಜೇನುತುಪ್ಪದ ಬಹುಪಾಲು ಈ ಎರಡೇ ಆಗಿರುವುದರಿಂದ ಒಂದೂವರೆ ಚಮಚ ಜೇನು ಬೆರೆಸಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಅತಿಯಾದರೆ ಮಾತ್ರ ಎಷ್ಟು ಹೊತ್ತಿಟ್ಟರೂ ಗಟ್ಟಿಯಾಗದ ಕೆಸರು ಸಿಗುತ್ತದೆ.

ನನ್ನ ಅಳತೆ ಹೀಗಿದೆ: ಸೋಸಿದ ಮೊಸರು 600 ಗ್ರಾಂ, ಮೇಲೆ ಹೇಳಿದಂತೆ ಬತ್ತಿಸಿದ ಸ್ಟ್ರಾಬೆರಿ 300 ಗ್ರಾಂ, ಅದರ ಹೊರತಾಗಿ ಪುಡಿ ಮಾಡಿದ ಸಕ್ಕರೆ 80 ಗ್ರಾಂ, ಜೇನುತುಪ್ಪ ಒಂದೂವರೆ ಚಮಚ, ನಿಂಬೆರಸ ಒಂದು ಟೀ ಚಮಚ, ಒಂದು ಚಿಟಿಕೆ ಉಪ್ಪು. ಎರಡು ಚಮಚ ಹಾಲಿನ ಪುಡಿಯನ್ನೂ ಸೇರಿಸುವುದುಂಟು, ಅದು ನೀರನ್ನು ಹಿಡಿದಿಟ್ಟು ಮೈಯನ್ನು ತುಂಬಿಸುತ್ತದೆ. ಬೆರೆಸಿದ ಮೇಲೆ ರುಚಿ ನೋಡಿದರೆ ಸಿಹಿ ಒಂದು ಪಟ್ಟು ಹೆಚ್ಚಾಯಿತೆನ್ನಿಸಬೇಕು. ತಣ್ಣಗಿರುವಾಗ ನಾಲಿಗೆಗೆ ಸಿಹಿ ಮಂದವಾಗಿ ತಿಳಿಯುವುದರಿಂದ, ಈಗ ಸರಿಯೆನ್ನಿಸಿದ್ದು ನಾಳೆ ಸಪ್ಪೆಯೆನ್ನಿಸುತ್ತದೆ. ಈ ಮಿಶ್ರಣವನ್ನು ಫ್ರೀಜರಿಗೆ ಇಡುವ ಮುನ್ನ ಎರಡು ಗಂಟೆ ಫ್ರಿಜ್ಜಿನಲ್ಲಿರಿಸಿದರೆ, ಫ್ರೀಜರಿನೊಳಗೆ ಅದು ಹರಳುಗಟ್ಟುವ ಹಂತವನ್ನು ಬೇಗ ದಾಟುತ್ತದೆ.

ಎಲ್ಲರೂ ಹೇಳುವ ವಿಧಾನವೆಂದರೆ ಮಿಶ್ರಣವನ್ನು ಅಗಲವಾದ ತಟ್ಟೆಗೆ ಸುರಿದು, ಅರ್ಧ ಗಂಟೆಗೊಮ್ಮೆ ಹೊರತೆಗೆದು ಮುಳ್ಳು ಚಮಚದಿಂದ ಕಲಕುತ್ತ ಮೂರು ಗಂಟೆ ಕಾವಲು ಕಾಯುವುದು. ಅದು ತಪ್ಪಲ್ಲ. ತಟ್ಟೆ ಲೋಹದ್ದಾಗಿರಬೇಕು, ಏಕೆಂದರೆ ಪ್ಲಾಸ್ಟಿಕ್‌ಗಿಂತ ಲೋಹದ ಮೂಲಕ ಶಾಖ ಬೇಗ ಹೊರಹೋಗುತ್ತದೆ. ಪದರ ಎರಡು ಸೆಂಟಿಮೀಟರಿಗಿಂತ ದಪ್ಪವಿರಬಾರದು. ಅಂಚಿನಿಂದ ಗಟ್ಟಿಯಾದುದನ್ನು ನಡುವಿಗೆ ತಂದು ಚೆನ್ನಾಗಿ ಅರೆಯಬೇಕು. ಆದರೆ ಪ್ರತಿ ಸಲವೂ ಬಾಗಿಲು ತೆರೆದಾಗ ಫ್ರೀಜರಿನ ಚಳಿ ಸ್ವಲ್ಪ ಸೋರಿಹೋಗುತ್ತದೆ, ನಾಲ್ಕನೆಯ ಸಲದ ಹೊತ್ತಿಗೆ ನನ್ನ ತಾಳ್ಮೆಯೂ ಸೋರಿರುತ್ತದೆ. ನೀರನ್ನು ಸರಿಯಾಗಿ ತೆಗೆದಿದ್ದರೆ ಇಷ್ಟು ಕಲಕುವ ಅಗತ್ಯವಿಲ್ಲ, ತೆಗೆಯದಿದ್ದರೆ ಎಷ್ಟು ಕಲಕಿದರೂ ಸಾಲದು.

ನಾನು ಮೆಚ್ಚಿರುವುದು ಬೇರೊಂದು ದಾರಿ. ಮಿಶ್ರಣವನ್ನು ಜಿಪ್ ಇರುವ ದಪ್ಪ ಚೀಲಕ್ಕೆ ತುಂಬಿ, ಗಾಳಿಯನ್ನೆಲ್ಲ ಹೊರಡಿಸಿ, ಒಂದು ಸೆಂಟಿಮೀಟರ್ ದಪ್ಪಕ್ಕೆ ಚಪ್ಪಟೆಯಾಗಿ ತಟ್ಟಿ, ಲೋಹದ ತಟ್ಟೆಯ ಮೇಲೆ ಮಲಗಿಸಿ ಫ್ರೀಜರಿನಲ್ಲಿಡುತ್ತೇನೆ. ತೆಳುವಾಗಿರುವುದರಿಂದ ಮೂರು ನಾಲ್ಕು ಗಂಟೆಗಳಲ್ಲಿ ಅದು ಹಲಗೆಯಂತಾಗುತ್ತದೆ. ಆ ಹಲಗೆಯನ್ನು ಚೀಲದಲ್ಲಿರುವಂತೆಯೇ ಮುರಿದು, ತುಂಡುಗಳನ್ನು ಫುಡ್ ಪ್ರೊಸೆಸರಿಗೆ ಹಾಕಿ ಬಿಟ್ಟು ಬಿಟ್ಟು ತಿರುಗಿಸಿದರೆ, ಮೊದಲು ಮರಳಿನಂತೆ ಪುಡಿಯಾಗುತ್ತದೆ, ಗಾಬರಿಯಾಗಬಾರದು, ಆಮೇಲೆ ಒಂದೆರಡು ನಿಮಿಷದಲ್ಲಿ ಇದ್ದಕ್ಕಿದ್ದಂತೆ ಕೂಡಿಕೊಂಡು ಬೆಣ್ಣೆಯಂತೆ ನುಣುಪಾಗುತ್ತದೆ. ಯಂತ್ರವು ಅರ್ಧ ಗಂಟೆಯುದ್ದಕ್ಕೂ ಮಾಡುವ ಕಡೆತವನ್ನು ಇಲ್ಲಿ ಬ್ಲೇಡು ಕೊನೆಯಲ್ಲಿ ಒಂದೇ ಸಲಕ್ಕೆ ಮಾಡಿ ಮುಗಿಸುತ್ತದೆ. ಸಾಮಾನ್ಯ ಮಿಕ್ಸಿಯಲ್ಲಿಯೂ ಆಗುತ್ತದೆ, ಆದರೆ ಜಾರಿನ ಮೂರನೆಯ ಒಂದು ಭಾಗವನ್ನಷ್ಟೇ ತುಂಬಿ, ಮೋಟಾರಿಗೆ ವಿರಾಮ ಕೊಡುತ್ತ ಮಾಡಬೇಕು. ಸುಟ್ಟ ವಾಸನೆ ಬಂದ ಮೇಲೆ ನಿಲ್ಲಿಸುವುದು ತಡವಾದ ವಿವೇಕ. ರುಬ್ಬಿದ ಕೂಡಲೇ ತಿಂದರೆ ಮೆತ್ತಗಿರುತ್ತದೆ. ಉಂಡೆಯಾಗಿ ತೋಡಿ ಬಡಿಸಬೇಕಾದರೆ ಮತ್ತೆ ಒಂದೂವರೆ ಗಂಟೆ ಫ್ರೀಜರಿನಲ್ಲಿರಲಿ.

ತೀರಾ ಅವಸರದಲ್ಲಿರುವವರು ಕ್ರಮವನ್ನೇ ತಲೆಕೆಳಗು ಮಾಡಬಹುದು: ಮೊಸರಿನ ಬದಲು ಹಣ್ಣನ್ನೇ ಹೆಪ್ಪುಗಟ್ಟಿಸುವುದು. ಫ್ರೀಜರಿನಲ್ಲಿ ಕಲ್ಲಾದ 400 ಗ್ರಾಂ ಮಾವಿನ ಅಥವಾ ಬಾಳೆಯ ಹೋಳುಗಳನ್ನು ಐದು ನಿಮಿಷ ಹೊರಗಿಟ್ಟು, 200 ಗ್ರಾಂ ಸೋಸಿದ ಮೊಸರು ಮತ್ತು ಎರಡು ಚಮಚ ಜೇನಿನೊಂದಿಗೆ ರುಬ್ಬಿದರೆ ಅಲ್ಲೇ ಸಿದ್ಧ. ಬಾಳೆಹಣ್ಣು ಚೆನ್ನಾಗಿ ಕಳಿತು ಸಿಪ್ಪೆಯಲ್ಲಿ ಕಪ್ಪು ಚುಕ್ಕೆ ಮೂಡಿರಬೇಕು. ಇದು ಆಗಲೇ ತಿಂದು ಮುಗಿಸುವಂಥದ್ದು, ಸಕ್ಕರೆ ಕಡಿಮೆಯಿರುವುದರಿಂದ ಮರಳಿ ಫ್ರೀಜರಿಗೆ ಹೋದರೆ ಕಲ್ಲಾಗುತ್ತದೆ.

ಫ್ರೀಜರೇ ಇಲ್ಲದೆಯೂ ಮಾಡಬಹುದೆಂಬುದನ್ನು ಹೇಳದಿದ್ದರೆ ವಿಷಯ ಅಪೂರ್ಣವಾಗುತ್ತದೆ. ಪುಡಿ ಮಾಡಿದ ಮಂಜುಗಡ್ಡೆ ಮೂರು ಪಾಲು, ಕಲ್ಲುಪ್ಪು ಒಂದು ಪಾಲು ಬೆರೆಸಿದರೆ, ಉಪ್ಪು ಮಂಜನ್ನು ಕರಗಿಸುತ್ತದೆ, ಕರಗಲು ಬೇಕಾದ ಶಾಖವನ್ನು ಮಂಜು ಸುತ್ತಲಿನಿಂದ ಸೆಳೆಯುತ್ತದೆ, ಮಿಶ್ರಣದ ಉಷ್ಣತೆ ಸಿದ್ಧಾಂತದ ಪ್ರಕಾರ ಮೈನಸ್ 21 ಡಿಗ್ರಿಯವರೆಗೂ ಇಳಿಯಬಲ್ಲದು. ಅಮೆರಿಕದ ನ್ಯಾನ್ಸಿ ಜಾನ್ಸನ್ 1843ರಲ್ಲಿ ಪೇಟೆಂಟ್ ಪಡೆದ, ಕೈಯಿಂದ ತಿರುಗಿಸುವ ಐಸ್‌ಕ್ರೀಮ್ ಪಾತ್ರೆಯೂ ಉಪ್ಪು ಬೆರೆಸಿದ ಮಂಜಿನ ಬಲದಿಂದಲೇ ನಡೆಯುತ್ತಿದ್ದುದು. ಚಿಕ್ಕ ಚೀಲದಲ್ಲಿ ಮೊಸರಿನ ಮಿಶ್ರಣವನ್ನು ಭದ್ರವಾಗಿ ಮುಚ್ಚಿ, ಉಪ್ಪು ಮಂಜು ತುಂಬಿದ ದೊಡ್ಡ ಚೀಲದೊಳಗಿಟ್ಟು, ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು ಹತ್ತು ಹದಿನೈದು ನಿಮಿಷ ಅಲುಗಿಸಿದರೆ ಮೆತ್ತನೆಯ ಫ್ರೋಜನ್ ಯೋಗರ್ಟ್ ಸಿಗುತ್ತದೆ. ಒಳಚೀಲವನ್ನು ಬಿಚ್ಚುವ ಮುನ್ನ ಹೊರಗಿನ ಉಪ್ಪುನೀರನ್ನು ತೊಳೆಯಲು ಮರೆಯಬಾರದು. ನಾನು ಒಮ್ಮೆ ಮರೆತು, ಇಡೀ ಚೀಲವನ್ನು ಚೆಲ್ಲಿದ್ದೇನೆ.

ಹಣ್ಣಿನ ತುಂಡುಗಳು ನಡುನಡುವೆ ಸಿಗಬೇಕೆಂಬ ಆಸೆಯುಳ್ಳವರು ಹಸಿ ತುಂಡುಗಳನ್ನು ಹಾಕದಿರಲಿ, ಅವು ಹಲ್ಲಿಗೆ ಮಂಜಿನ ಕಲ್ಲುಗಳಾಗಿ ಸಿಗುತ್ತವೆ. ಸಕ್ಕರೆಪಾಕದಲ್ಲಿ ಹತ್ತು ನಿಮಿಷ ಬೇಯಿಸಿ ಬಸಿದ ತುಂಡುಗಳನ್ನು ಕಡೆಯಲ್ಲಿ ಮಡಚಿ ಸೇರಿಸಿದರೆ ಮೃದುವಾಗಿಯೇ ಇರುತ್ತವೆ. ಹಗುರವಾದ ಮೈ ಬೇಕೆಂದರೆ 150 ಮಿಲಿಲೀಟರ್ ತಣ್ಣನೆಯ ಕ್ರೀಮನ್ನು ನೊರೆ ಬರುವಂತೆ ಕಡೆದು, ಫ್ರೀಜರಿಗೆ ಇಡುವ ಮೊದಲೇ ಮಿಶ್ರಣಕ್ಕೆ ಬೆರೆಸಬಹುದು; ಯಂತ್ರ ತುಂಬುವ ಗಾಳಿಯ ಕೊರತೆಯನ್ನು ಅದು ಸ್ವಲ್ಪಮಟ್ಟಿಗೆ ನೀಗಿಸುತ್ತದೆ. ಹುಳಿಯ ಚುರುಕು ಮಾತ್ರ ಮಸುಕಾಗುವುದರಿಂದ ನಾನು ಹಾಕುವುದಿಲ್ಲ.

ಉಳಿದುದನ್ನು ಚಿಕ್ಕ ಡಬ್ಬಿಗಳಲ್ಲಿ ತುಂಬಿ, ಮೇಲ್ಮೈಗೆ ತಾಗುವಂತೆ ಬೆಣ್ಣೆ ಕಾಗದವನ್ನು ಅಂಟಿಸಿ, ಫ್ರೀಜರಿನ ಬಾಗಿಲಿನಿಂದ ದೂರ, ಹಿಂಬದಿಯಲ್ಲಿಡಬೇಕು. ಉಷ್ಣತೆ ಏರಿಳಿದಾಗಲೆಲ್ಲ ಚಿಕ್ಕ ಹರಳುಗಳು ಕರಗಿ ದೊಡ್ಡವುಗಳ ಮೇಲೆ ಕಟ್ಟಿಕೊಳ್ಳುತ್ತವೆ, ಎರಡು ವಾರ ದಾಟಿದರೆ ಒರಟುತನ ಕಾಣಿಸಿಕೊಳ್ಳತೊಡಗುತ್ತದೆ. ಬಡಿಸುವ ಇಪ್ಪತ್ತು ನಿಮಿಷ ಮೊದಲು ಡಬ್ಬಿಯನ್ನು ಅಡುಗೆಕಟ್ಟೆಯ ಮೇಲಿಡುವುದಕ್ಕಿಂತ ಫ್ರಿಜ್ಜಿಗೆ ಇಳಿಸುವುದು ಲೇಸು, ಆಗ ಅಂಚೂ ನಡುವೂ ಒಟ್ಟಿಗೆ ಸಡಿಲಗೊಳ್ಳುತ್ತವೆ. ಒಮ್ಮೆ ಪೂರ್ತಿ ಕರಗಿದ್ದನ್ನು ಹಾಗೆಯೇ ಮತ್ತೆ ಹೆಪ್ಪುಗಟ್ಟಿಸಿದರೆ ಸಿಗುವುದು ಆ ಮೊದಲ ದಿನದ ಇಟ್ಟಿಗೆಯೇ. ಅಂಥದ್ದಕ್ಕೆ ಒಂದಿಷ್ಟು ತಣ್ಣನೆಯ ಹಾಲು ಬೆರೆಸಿ ಲೋಟದಲ್ಲಿ ಕುಡಿದುಬಿಡುತ್ತೇನೆ.