ಬಾಗಿಲಿಗೆ ಅಂಟಿಸಿದ ನೋಟಿಸು

ದಸರಾಗೆ ಮೈಸೂರಿಗೆ ಬಂದಿದ್ದೇನೆ. ಆಯುಧ ಪೂಜೆಗೆ ಮುಂಚೆ ಅಟ್ಟ ಖಾಲಿ ಮಾಡುವ ಕೆಲಸ ನನ್ನ ತಲೆಗೆ ಬಿತ್ತು. ಕುವೆಂಪುನಗರದ ನಮ್ಮ ಅಟ್ಟದಲ್ಲಿ ಏನಿಲ್ಲ ಹೇಳಿ? ಕೆಟ್ಟ ಮಿಕ್ಸಿ ಎರಡು, ಹಾರ್ಲಿಕ್ಸ್ ಬಾಟಲಿಗಳು, ನನ್ನ ಎಸ್ಸೆಸ್ಸೆಲ್ಸಿ ಗೈಡು. ಒಂದೊಂದು ಎತ್ತಿದಾಗಲೂ ಅಮ್ಮ ಕೆಳಗಿಂದ, "ಅದು ಬೇಕಾಗುತ್ತೆ, ಇಡು" ಅಂತ ಕೂಗುತ್ತಿದ್ದಳು. ನನಗೆ ಕ್ಯಾಲಿಫೋರ್ನಿಯಾದ ನಮ್ಮ ಪಕ್ಕದ ಮನೆ ಮೇಷ್ಟ್ರ ನೆನಪಾಯಿತು.

ನಾನಿರುವುದು ಫ್ರೀಮಾಂಟ್‌ನಲ್ಲಿ, ಬಾಡಿಗೆ ಅಪಾರ್ಟ್‌ಮೆಂಟಲ್ಲಿ. ಪಕ್ಕದಲ್ಲಿ ರಿಟೈರ್ ಆದ ಸ್ಕೂಲ್ ಮೇಷ್ಟ್ರು, ಒಬ್ಬರೇ. ತುಂಬಾ ಒಳ್ಳೆಯವರು. ಆದರೆ ಅವರ ಬಾಗಿಲು ಯಾವತ್ತೂ ಪೂರ್ತಿ ತೆರೆದಿದ್ದನ್ನು ನಾನು ನೋಡಿರಲಿಲ್ಲ. ಸ್ವಲ್ಪ ತೆರೆದು, ಅಡ್ಡ ನಿಂತು ಮಾತಾಡುತ್ತಿದ್ದರು. ಒಂದು ಸಂಜೆ ಕೆಲಸದಿಂದ ಬಂದರೆ ಆ ಬಾಗಿಲಿಗೆ ನೋಟಿಸು ಅಂಟಿಸಿದ್ದರು. ಪಾಪ, ಬಾಡಿಗೆ ಕಟ್ಟಿಲ್ಲವೇನೋ ಅಂದುಕೊಂಡೆ.

ಬಾಡಿಗೆ ತಿಂಗಳು ತಿಂಗಳೂ ಸರಿಯಾಗಿ ಹೋಗಿತ್ತು. ಹೊಗೆ ಅಲಾರಂ ಚೆಕ್ ಮಾಡಲು ಬಂದವರು ಒಳಗಿನದೆಲ್ಲ ನೋಡಿದ್ದರು. ಅಲ್ಲಿ ಓನರ್ ಸುಮ್ನೆ ಬಾಗಿಲು ತಟ್ಟಿ ಒಳಗೆ ಬರುವಂತಿಲ್ಲ, ಸಾಮಾನ್ಯವಾಗಿ 24 ಗಂಟೆ ಮುಂಚೆ ಬರೆದು ತಿಳಿಸಬೇಕು. ತಿಳಿಸಿಯೇ ಬಂದಿದ್ದರು. ಬಾಗಿಲಿನಿಂದ ಮಂಚದವರೆಗೆ ಒಂದು ಕಾಲಿಡುವಷ್ಟು ದಾರಿ. ಒಲೆಯ ಮೇಲೆ ಪುಸ್ತಕ. ಕಿಟಕಿ ಮುಚ್ಚುವಷ್ಟು ರಟ್ಟಿನ ಡಬ್ಬ. ಛಾವಣಿಯಲ್ಲಿ ಬೆಂಕಿ ಆರಿಸುವ ನೀರಿನ ಸ್ಪ್ರಿಂಕ್ಲರ್ ಇರುತ್ತಲ್ಲ, ಅದರ ಕೆಳಗೆ 18 ಇಂಚು ಜಾಗ ಬಿಡಬೇಕು. ಇಲ್ಲಿ ಪೇಪರ್ ಕಟ್ಟು ಅದಕ್ಕೇ ತಾಗಿತ್ತು.

ಅಮೆರಿಕದ ಅಗ್ನಿಶಾಮಕದವರಿಗೆ ಇಂಥ ಮನೆಯೆಂದರೆ ಭಯ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ 1947ರಲ್ಲಿ ಕಾಲ್ಯರ್ ಎಂಬ ಅಣ್ಣತಮ್ಮಂದಿರು ತಾವೇ ಕೂಡಿಟ್ಟ ಸಾಮಾನಿನ ನಡುವೆ ಸತ್ತರು. ಕಣ್ಣು ಕಾಣದ ಅಣ್ಣನಿಗೆ ಊಟ ತರುತ್ತಿದ್ದ ತಮ್ಮನ ಮೇಲೆ ರಾಶಿ ಕುಸಿಯಿತು, ಅಣ್ಣ ಹಸಿವಿನಿಂದ ಹೋದ. ನೂರು ಟನ್ನಿಗೂ ಜಾಸ್ತಿ ಸಾಮಾನು ಹೊರಗೆ ಹಾಕಿದರಂತೆ. ಇವತ್ತಿಗೂ ಅಲ್ಲಿನ ಅಗ್ನಿಶಾಮಕದವರು ತುಂಬಿ ತುಳುಕುವ ಮನೆಗೆ ಕಾಲ್ಯರ್ ಮನೆ ಅಂತಲೇ ಹೇಳುತ್ತಾರೆ.

ಏನನ್ನೂ ಬಿಸಾಡಲಾಗದೆ ಕೂಡಿಡುವ ಈ ಚಟಕ್ಕೆ ಅಲ್ಲಿ ಹೋರ್ಡಿಂಗ್ ಅನ್ನುತ್ತಾರೆ. ನಮಗೆ ಹೋರ್ಡಿಂಗ್ ಅಂದರೆ ಸರ್ಕಲ್‌ನಲ್ಲಿ ನಿಲ್ಲಿಸುವ ದೊಡ್ಡ ಜಾಹೀರಾತು ಬೋರ್ಡು, ಅಲ್ವಾ? ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಚಟ ಅಂದಿದ್ದೂ ತಪ್ಪೇ. ಅದು ಕಾಯಿಲೆ.

ಮೇಷ್ಟ್ರು ನೋಟಿಸು ಹಿಡಿದು ನಮ್ಮ ಮನೆಗೆ ಬಂದರು. ಮೂರು ದಿನದೊಳಗೆ ಸರಿಪಡಿಸಿ, ಇಲ್ಲವೇ ಮನೆ ಬಿಡಿ ಅಂತ ಇತ್ತು. ಶನಿವಾರ, ಭಾನುವಾರ, ಕೋರ್ಟ್ ರಜೆ ಲೆಕ್ಕಕ್ಕಿಲ್ಲ, ಅಷ್ಟೇ ಸಮಾಧಾನ. ಬಾಡಿಗೆದಾರ ಮನೆ ಚೊಕ್ಕಟವಾಗಿ ಇಟ್ಟುಕೊಳ್ಳಬೇಕು, ಅಡುಗೆಮನೆಯನ್ನು ಅಡುಗೆಗೆ, ಮಲಗುವ ಕೋಣೆಯನ್ನು ಮಲಗಲು ಬಳಸಬೇಕು ಅಂತ ಅಲ್ಲಿನ ಕಾನೂನಿನಲ್ಲೇ ಬರೆದಿದ್ದಾರೆ. ಅಮ್ಮನಿಗೆ ಇದನ್ನು ಹೇಳಿದರೆ ನಕ್ಕುಬಿಟ್ಟಳು.

ಮೂರು ದಿನ ಕಳೆದ ಮಾತ್ರಕ್ಕೆ ಯಾರೂ ಸಾಮಾನು ಬೀದಿಗೆ ಎಸೆಯುವಂತಿಲ್ಲ. ಓನರ್ ಕೋರ್ಟಿಗೆ ಹೋಗಬೇಕು. ಕೋರ್ಟಿನ ಕಾಗದ ಕೈಗೆ ಬಂದ ಮೇಲೆ ಉತ್ತರ ಕೊಡಲು ಹಿಂದೆ ಕೋರ್ಟ್ ನಡೆಯುವ 5 ದಿನ ಇತ್ತು, 2025ರಿಂದ ಅಂಥ 10 ದಿನ. ಬಾಡಿಗೆದಾರ ಸೋತರೆ ಶೆರಿಫ್ ಅನ್ನುವ ಪೊಲೀಸ್ ಅಧಿಕಾರಿಯ ಕಡೆಯವರು ಬಂದು ಹೊರಗೆ ಕಳಿಸುತ್ತಾರೆ. ಮುಂದೆ ಬೇರೆ ಮನೆ ಕೇಳಲು ಹೋದರೆ ಆ ಕೇಸು ಎದುರಿಗೆ ಬರುತ್ತದೆ. ಎಪ್ಪತ್ತು ದಾಟಿದವರಿಗೆ ಆಮೇಲೆ ಮನೆ ಕೊಡುವವರು ಯಾರು?

"ಇದರಲ್ಲಿ ಯಾವುದೂ ಕಸ ಅಲ್ಲ" ಅಂತ ಮೇಷ್ಟ್ರು ನನಗೆ ಎರಡು ಸಲ ಹೇಳಿದರು. ನಾನು ತಲೆಯಾಡಿಸಿದೆ. ಬೇರೇನು ಹೇಳಲಿ?

ದುಡ್ಡು ತೆಗೆದುಕೊಳ್ಳದೆ ಬಡವರ ಕೇಸು ನೋಡುವ ವಕೀಲೆಯೊಬ್ಬರ ಹತ್ತಿರ ಕರೆದುಕೊಂಡು ಹೋದೆ. ಅವರು ಕಾನೂನಿನ ಇನ್ನೊಂದು ಮಗ್ಗುಲು ತೋರಿಸಿದರು. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆ ಅಂತ ಸೇರಿಸಿತು. ಮನೆ ಕೊಡುವಾಗ ಭೇದ ಮಾಡಬಾರದು ಅನ್ನುವ 1968ರ ಫೇರ್ ಹೌಸಿಂಗ್ ಕಾಯ್ದೆಗೆ 1988ರಲ್ಲಿ ಅಂಗವಿಕಲರನ್ನೂ ಸೇರಿಸಿದ್ದಾರೆ, ಮನಸ್ಸಿನ ಕಾಯಿಲೆಯೂ ಅದರೊಳಗೆ ಬರಬಹುದು. ಹಾಗಾಗಿ, ನನಗೆ ಕಾಯಿಲೆ ಇದೆ, ಖಾಲಿ ಮಾಡಲು ಸ್ವಲ್ಪ ಜಾಸ್ತಿ ಸಮಯ ಕೊಡಿ ಅಂತ ಕೇಳುವ ಹಕ್ಕು ಬಾಡಿಗೆದಾರನಿಗಿದೆ. ಕೇಳಬೇಕು, ಅದೇ ಮುಖ್ಯ. ತಾನಾಗಿ ಯಾರೂ ಕೊಡುವುದಿಲ್ಲ. ಬರೆದು ಕೇಳಿದರೆ ಒಳ್ಳೆಯದು, ಡಾಕ್ಟರ ಪತ್ರ ಇದ್ದರೆ ಇನ್ನೂ ಒಳ್ಳೆಯದು. ಕೇಳಿದ್ದನ್ನೆಲ್ಲ ಓನರ್ ಒಪ್ಪಲೇಬೇಕು ಅಂತಿಲ್ಲ. ಅಕ್ಕಪಕ್ಕದವರ ಜೀವಕ್ಕೆ ನಿಜವಾದ ಅಪಾಯ ಇದ್ದು, ಏನು ಮಾಡಿದರೂ ಅದು ಕಮ್ಮಿ ಆಗದಿದ್ದರೆ ಆಗಲ್ಲ ಅನ್ನಬಹುದು. ಕಾನೂನು ಕೊಡುವುದು ಸಮಯ. ಸಾಮಾನು ಹಾಗೇ ಇಟ್ಟುಕೊಳ್ಳುವ ಪರವಾನಗಿ ಅಲ್ಲ.

ಕೊನೆಗೆ ಒಂದು ಒಪ್ಪಂದ ಆಯಿತು. ಮೊದಲು ಬಾಗಿಲು, ಕಿಟಕಿಯ ದಾರಿ. ಆಮೇಲೆ ಒಲೆ, ಹೀಟರ್ ಸುತ್ತಮುತ್ತ. ಉಳಿದದ್ದು ನಿಧಾನಕ್ಕೆ. ಎರಡು ವಾರಕ್ಕೊಮ್ಮೆ ಓನರ್ ಕಡೆಯವರು ಬಂದು ನೋಡುತ್ತಾರೆ. ಯಾವುದು ಹೋಗಬೇಕು ಅನ್ನುವುದನ್ನು ಮಾತ್ರ ಮೇಷ್ಟ್ರೇ ಹೇಳಬೇಕು.

ಅಟ್ಟದ ಮೇಲೆ ಕೂತಾಗ ನನಗೆ ದೊಡ್ಡಪ್ಪನೂ ನೆನಪಾಗಿದ್ದು ಈ ಕೊನೆಯ ಮಾತಿಗೇ. ಚಾಮುಂಡಿಪುರಂನ ವಠಾರದಲ್ಲಿ ಅವರ ಬಾಡಿಗೆ ಮನೆ. ಮೈಸೂರು ಮಿತ್ರ, ಸ್ಟಾರ್ ಆಫ್ ಮೈಸೂರು ಪೇಪರಿನ ಕಟ್ಟುಗಳು ಸೂರಿನವರೆಗೆ. ನಂದಿನಿ ಹಾಲಿನ ಕವರು ತೊಳೆದು ಒಣಗಿಸಿ ಜೋಡಿಸಿಡುತ್ತಿದ್ದರು. ಓನರ್ ಮೆಟ್ಟಿಲಲ್ಲಿ ನಿಂತು ಕೂಗಾಡುತ್ತಿದ್ದರು. ದೊಡ್ಡಪ್ಪ ಆಪರೇಷನ್‌ಗೆ ಆಸ್ಪತ್ರೆ ಸೇರಿದ ವಾರ ಅಪ್ಪ, ಚಿಕ್ಕಪ್ಪ ಸೇರಿ ಗುಜರಿಯವನನ್ನು ಕರೆಸಿದರು. ಎರಡು ಲಗೇಜ್ ಆಟೊ. ನಾನೂ ಕಟ್ಟು ಹೊತ್ತೆ, ಖುಷಿಯಿಂದಲೇ. ಮನೆಗೆ ಬಂದ ದೊಡ್ಡಪ್ಪ ಹೊಸಲಲ್ಲೇ ನಿಂತು "ಪೇಪರ್ ಎಲ್ಲಿ?" ಅಂದರು. ಆಮೇಲೆ ಒಂದು ವರ್ಷ ನಮ್ಮ ಮನೆ ಕಡೆ ಬರಲಿಲ್ಲ. ಎರಡೇ ವರ್ಷಕ್ಕೆ ಮನೆ ಮತ್ತೆ ತುಂಬಿತ್ತು. ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದಾಗ ಓನರ್ ಮತ್ತೆ ಬರೆದುಕೊಡಲಿಲ್ಲ, ಅಷ್ಟೇ. ನೋಟಿಸಿಲ್ಲ, ಡಾಕ್ಟರಿಲ್ಲ. ಹೀಗೆ ಒಂದೇ ಸಲ ಖಾಲಿ ಮಾಡಿಸಿದರೆ ಕಾಯಿಲೆ ಹೋಗುವುದಿಲ್ಲ, ವಾರ ವಾರ ಕೂರಿಸಿ ಮಾತಾಡಿಸುವ ಚಿಕಿತ್ಸೆ ಬೇಕು ಅಂತ ನನಗೆ ಗೊತ್ತಾಗಿದ್ದು ಫ್ರೀಮಾಂಟಿಗೆ ಹೋದ ಮೇಲೆ. ನಿಮ್ಮ ಮನೆಯಲ್ಲಿ ಯಾರಾದರೂ ಹೀಗಿದ್ದರೆ ಗುಜರಿಯವನಿಗಿಂತ ಮುಂಚೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಅಂದಹಾಗೆ, ಮಕ್ಕಳ ಮನೆಗೆ ಅಮೆರಿಕಕ್ಕೆ ಹೊರಟಿರುವ ಅಪ್ಪ ಅಮ್ಮಂದಿರೇ, ಖಾಲಿ ಸೋನಾ ಮಸೂರಿ ಚೀಲ, ಅಮೆಜಾನ್ ಡಬ್ಬ ಬಾಲ್ಕನಿಯಲ್ಲಿ ಪೇರಿಸಬೇಡಿ. ನಮ್ಮತ್ತೆ ಬಂದಾಗ ನಮಗೂ ಒಂದು ಎಚ್ಚರಿಕೆ ಕಾಗದ ಬಂದಿತ್ತು. ಅದು ಕಾಯಿಲೆ ಅಲ್ಲ, ಸಂಸಾರಸ್ಥರ ಅಭ್ಯಾಸ. ಆದರೂ ಕಾಗದ ಬಂತು.

ನಾನು ಹೊರಡುವ ಹಿಂದಿನ ದಿನ ಬಾಗಿಲಾಚೆ ಖಾಲಿ ರಟ್ಟಿನ ಡಬ್ಬ ಇಟ್ಟಿದ್ದೆ. ಮೇಷ್ಟ್ರು ಬಂದು, "ಇದು ನಿಮಗೆ ಬೇಡವಾ?" ಅಂತ ಕೇಳಿದರು. ನಾಲ್ಕು ದಿನ ಬಿಟ್ಟು ಅವರ ಮನೆ ನೋಡಲು ಬರುವವರಿದ್ದರು. ಬೇಕು ಅಂತ ಸುಳ್ಳು ಹೇಳಿ ಒಳಗೆ ತಂದಿಟ್ಟುಕೊಂಡೆ.