ಒಳಗಿಂದಲೇ ರಿಪೇರಿ

ಸ್ಮಾಲ್‌ಟಾಕ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ನನ್ನದೇ ಆದ ಪುಟ್ಟ ಪರಿಸರವೊಂದನ್ನು ಬರೆಯತೊಡಗಿ ಕೆಲವು ತಿಂಗಳಾಗಿದ್ದವು. ಕಂಪೈಲರ್ ನಡೆಯುತ್ತಿತ್ತು, ಆಬ್ಜೆಕ್ಟುಗಳು (ಪ್ರೋಗ್ರಾಮಿನ ಜೀವಂತ ಘಟಕಗಳು) ಇಮೇಜ್ ಫೈಲಿನಲ್ಲಿ, ಅಂದರೆ ಇಡೀ ಪರಿಸರದ ಸ್ಥಿತಿಯನ್ನು ಹಿಡಿದಿಡುವ ಫೈಲಿನಲ್ಲಿ, ಉಳಿಯುತ್ತಿದ್ದವು. ಪರದೆಯ ಮೇಲಿನ ಕಿಟಕಿಗಳನ್ನು ಯಾವ ವಿನ್ಯಾಸದಲ್ಲಿ ಕಟ್ಟಬೇಕೆಂಬ ತೀರ್ಮಾನವನ್ನು ಮಾತ್ರ ಮುಂದೂಡುತ್ತಲೇ ಬಂದಿದ್ದೆ. ಒಂದು ಭಾನುವಾರ, ಇದನ್ನು ಮುಗಿಸಿಯೇ ಏಳುವುದೆಂದು ಕುಳಿತೆ.

ಮೊದಲು ಕೈಹಾಕಿದ್ದು ಟ್ರಿಗ್ವೆ ರೀನ್ಸ್‌ಕೌಗ್ ಅವರು 1979ರಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರವಾದ ಪಾರ್ಕ್‌ನಲ್ಲಿ ರೂಪಿಸಿದ ಮಾಡೆಲ್ (ಮಾಹಿತಿ), ವ್ಯೂ (ಅದನ್ನು ತೋರಿಸುವ ಚಿತ್ರ), ಕಂಟ್ರೋಲರ್ (ಮೌಸ್, ಕೀಲಿಗಳಿಗೆ ಸ್ಪಂದಿಸುವ ಭಾಗ) ವಿಂಗಡಣೆಗೆ. ಒಂದೇ ಮೆಥಡ್ (ಆಬ್ಜೆಕ್ಟು ಮಾಡುವ ಒಂದು ಕೆಲಸದ ಕೋಡ್) ಎರಡು ಕಿಟಕಿಗಳಲ್ಲಿ ತೆರೆದಿದ್ದಾಗ ಒಂದರಲ್ಲಿ ತಿದ್ದಿ ಉಳಿಸಿದರೆ ಮಾಡೆಲ್ ‘ಬದಲಾದೆ’ ಎಂದಷ್ಟೇ ಸಾರುತ್ತದೆ, ಕೇಳಿಸಿಕೊಂಡವರು ತಮ್ಮನ್ನು ತಾವೇ ತಿದ್ದಿಕೊಳ್ಳುತ್ತಾರೆ. ಇದನ್ನು ಬಿಡುವ ಪ್ರಶ್ನೆಯೇ ಇರಲಿಲ್ಲ. ಆದರೆ ಮೌಸ್ ತನ್ನ ಮೇಲಿದೆಯೇ ಎಂದು ಮತ್ತೆ ಮತ್ತೆ ವಿಚಾರಿಸುತ್ತ ಕೂರುವ ಸ್ಮಾಲ್‌ಟಾಕ್-80ರ ಕಂಟ್ರೋಲರ್ ನನಗೆ ಬೇಡವಾಗಿತ್ತು.

ಆಪರೇಟಿಂಗ್ ಸಿಸ್ಟಮ್ ಕೊಡುವ ಗುಂಡಿ, ಪಟ್ಟಿಯಂಥ ಸಿದ್ಧ ವಿಜೆಟ್‌ಗಳನ್ನು ಮಧ್ಯಾಹ್ನದೊಳಗೇ ಕೈಬಿಟ್ಟೆ. ಇಮೇಜ್ ಉಳಿಸಿ ಮತ್ತೆ ತೆರೆದರೆ ಆಬ್ಜೆಕ್ಟುಗಳೇನೋ ಎದ್ದು ಬರುತ್ತವೆ, ಅವು ಹಿಡಿದುಕೊಂಡಿದ್ದ, ಸಿಸ್ಟಮ್ ಕಿಟಕಿಗೆ ಕೊಟ್ಟ ಗುರುತುಗಳಾದ ಹ್ಯಾಂಡಲ್‌ಗಳು ಮಾತ್ರ ಸತ್ತಿರುತ್ತವೆ. ಎಲ್ಲವನ್ನೂ ಹೊಸದಾಗಿ ಕಟ್ಟಿಕೊಳ್ಳಬಹುದು, ಕಟ್ಟಿಕೊಂಡವರೂ ಇದ್ದಾರೆ. ನನಗೆ ಅಷ್ಟು ತಾಳ್ಮೆಯಿರಲಿಲ್ಲ.

ಉಳಿದದ್ದು ಮಾರ್ಫಿಕ್. ಜಾನ್ ಮಲೋನಿ ಮತ್ತು ರ್‍ಯಾಂಡಲ್ ಸ್ಮಿತ್ ಅವರು ಸೆಲ್ಫ್ ಭಾಷೆಗಾಗಿ ಕಟ್ಟಿದ ಇದು ಆಮೇಲೆ ಸ್ಮಾಲ್‌ಟಾಕ್‌ನ ಒಂದು ರೂಪವಾದ ಸ್ಕ್ವೀಕ್‌ಗೂ ಬಂತು. ಪರದೆಯ ಮೇಲಿನ ಪ್ರತಿಯೊಂದು ವಸ್ತುವೂ ಒಂದು ‘ಮಾರ್ಫ್’; ಅದು ತನ್ನ ಚಿತ್ರವನ್ನು ತಾನೇ ಬಿಡಿಸಿಕೊಳ್ಳುತ್ತದೆ, ತನ್ನ ಮೇಲೆ ಬಿದ್ದ ಕ್ಲಿಕ್ಕಿಗೆ ತಾನೇ ಉತ್ತರಿಸುತ್ತದೆ. ಸಂಜೆಯ ಹೊತ್ತಿಗೆ ಅದೇ ಮಾದರಿಯಲ್ಲಿ ಕ್ಲಾಸುಗಳನ್ನೂ (ಆಬ್ಜೆಕ್ಟುಗಳ ಅಚ್ಚುಗಳು) ಅವುಗಳ ಮೆಥಡ್‌ಗಳನ್ನೂ ತೋರಿಸುವ ಕ್ಲಾಸ್ ಬ್ರೌಸರ್ ಎದ್ದು ನಿಂತಿತು, ನಾನೂ ಬೀಗಿದೆ. ಆಮೇಲೆ ಒಂದೂ ಮೆಥಡ್ ಇಲ್ಲದ ಕ್ಲಾಸೊಂದರ ಮೇಲೆ ಕ್ಲಿಕ್ ಮಾಡಿದೆ.

ಸ್ಕ್ರಾಲ್‌ಬಾರ್‌ನ ಹಿಡಿಯ ಉದ್ದಕ್ಕಾಗಿ ನಾನು ಕಾಣುವ ಸಾಲುಗಳನ್ನು ಒಟ್ಟು ಸಾಲುಗಳಿಂದ ಭಾಗಿಸುತ್ತಿದ್ದೆ. ಒಟ್ಟು ಸಾಲು ಸೊನ್ನೆ. ಸೊನ್ನೆಯಿಂದ ಭಾಗಿಸಲಾಗದೆ ದೋಷ ಹುಟ್ಟಿತು, ತಪ್ಪನ್ನು ಹುಡುಕಿ ತಿದ್ದುವ ಡಿಬಗರ್ ತೆರೆಯಿತು. ಡಿಬಗರ್ ಕಾಣಬೇಕಾದರೆ ಪರದೆಯನ್ನು ಮತ್ತೆ ಬಿಡಿಸಬೇಕು, ಬಿಡಿಸುವಾಗ ಅದೇ ಸ್ಕ್ರಾಲ್‌ಬಾರ್ ಮತ್ತೆ ಭಾಗಿಸಿತು, ಇನ್ನೊಂದು ಡಿಬಗರ್ ತೆರೆಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಕಿಟಕಿಯ ಮೇಲೆ ಕಿಟಕಿ. ತಪ್ಪನ್ನು ತಿದ್ದಬೇಕಾದ ಉಪಕರಣವೇ ತಪ್ಪಿನ ಸುಳಿಯಲ್ಲಿ ಸಿಕ್ಕಿಬಿದ್ದಿತ್ತು. ಪ್ರೋಗ್ರಾಮನ್ನೇ ಹೊರಗಿನಿಂದ ಕೊಲ್ಲಬೇಕಾಯಿತು. ಪ್ರತಿ ತಿದ್ದುಪಡಿಯನ್ನೂ ಬೇರೊಂದು ಫೈಲಿನಲ್ಲಿ ಬರೆದಿಡುವ ಹಳೆಯ ಸ್ಮಾಲ್‌ಟಾಕ್ ಪದ್ಧತಿಯನ್ನು ಪುಣ್ಯಕ್ಕೆ ಮೊದಲೇ ಅಳವಡಿಸಿದ್ದೆ.

ಸ್ಕ್ವೀಕ್‌ನಲ್ಲಿ ಬಿಡಿಸಿಕೊಳ್ಳಲು ಸೋತ ಮಾರ್ಫ್ ಹಳದಿ ಗೀಟುಗಳ ಕೆಂಪು ಚೌಕವಾಗಿ ಕಾಣುವುದನ್ನು ಎಷ್ಟೋ ಸಲ ನೋಡಿ, ಎಂಥ ಒರಟು ಅಲಂಕಾರವಿದು ಎಂದುಕೊಂಡಿದ್ದೆ. ಅದರ ಬೆಲೆ ಆಗ ತಿಳಿಯಿತು: ಒಮ್ಮೆ ಎಡವಿದ ಮಾರ್ಫಿಗೆ ಗುರುತು ಹಾಕಿ, ಅದರ ಬಿಡಿಸುವ ಮೆಥಡನ್ನು ಮತ್ತೆ ಕರೆಯದೆ ಬರೀ ಚೌಕ ಎಳೆದುಬಿಟ್ಟರೆ ಉಳಿದ ಪರದೆಯೆಲ್ಲ ಜೀವಂತವಾಗಿರುತ್ತದೆ.

ಕೊನೆಗೆ ಬ್ರೌಸರಿನ ಆಯ್ಕೆ, ಪಟ್ಟಿ, ಉಳಿಸುವ ತರ್ಕವನ್ನೆಲ್ಲ ಚಿತ್ರದ ಗೊಡವೆಯಿಲ್ಲದ ಮಾಡೆಲ್‌ಗಳಲ್ಲಿಟ್ಟು, ಕೆಳಗೆ ಈ ಗುರುತಿನ ಉಪಾಯದೊಂದಿಗೆ ಮಾರ್ಫಿಕ್ ಇರಿಸಿದೆ. ರಾತ್ರಿ ಅದೇ ಖಾಲಿ ಕ್ಲಾಸನ್ನು ಕ್ಲಿಕ್ ಮಾಡಿದಾಗ ಸ್ಕ್ರಾಲ್‌ಬಾರ್ ಇದ್ದ ಕಡೆ ತೆಳ್ಳನೆಯ ಕೆಂಪು ಪಟ್ಟಿ ಮೂಡಿತು, ಪಕ್ಕದಲ್ಲಿ ಒಂದೇ ಒಂದು ಡಿಬಗರ್. ಅದರಲ್ಲೇ ಸೊನ್ನೆಯ ಪರೀಕ್ಷೆ ಸೇರಿಸಿ ಉಳಿಸಿ, ಗುರುತು ಅಳಿಸಿದೆ. ಕೆಂಪು ಹೋಗಿ ಸ್ಕ್ರಾಲ್‌ಬಾರ್ ಬಂತು.