ಬಾಂಬರ್ಗ್‌ನ ಹೊಗೆ ಬಿಯರ್

ಜರ್ಮನಿಯ ಬಿಯರ್ ಎಂದರೆ ಎಲ್ಲರ ಬಾಯಲ್ಲೂ ಮ್ಯೂನಿಕ್ ಹೆಸರೇ. ನನ್ನನ್ನು ಕೇಳಿದರೆ, ನ್ಯೂರೆಂಬರ್ಗ್‌ನಲ್ಲಿ ರೈಲು ಹತ್ತಿ ಉತ್ತರಕ್ಕೆ ಬಾಂಬರ್ಗ್‌ಗೆ ಹೋಗಿ ಎನ್ನುತ್ತೇನೆ. ಹೆಚ್ಚೆಂದರೆ ಒಂದು ಗಂಟೆ ದಾರಿ.

ಎರಡನೇ ಮಹಾಯುದ್ಧದ ಬಾಂಬುಗಳಿಂದ ಹೆಚ್ಚು ಪೆಟ್ಟು ತಿನ್ನದೆ ಉಳಿದ ಊರು ಇದು. ಹಾಗಾಗಿ ಹಳೇ ಬೀದಿಗಳು ನಿಜವಾಗಿಯೂ ಹಳೆಯವೇ. 1993ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ರೆಗ್ನಿಟ್ಸ್ ನದಿಯ ನಟ್ಟನಡುವೆ, ಸೇತುವೆಗೆ ಅಂಟಿಕೊಂಡಂತೆ ಹಳೇ ಪುರಭವನ ನಿಂತಿದೆ. ಬಿಷಪ್ ಜಾಗ ಕೊಡಲಿಲ್ಲವಂತೆ, ಅದಕ್ಕೆ ಊರಿನವರು ನದಿಯಲ್ಲೇ ಗೂಟ ಹೊಡೆದು ಕಟ್ಟಿಕೊಂಡರಂತೆ. ಕತೆ ನಿಜವೋ ಸುಳ್ಳೋ, ಕೇಳೋಕೆ ಮಜಾ ಇದೆ ಅಲ್ವಾ? ಗೋಡೆ ತುಂಬ ಚಿತ್ರಗಳು. ಅವುಗಳಲ್ಲಿ ಒಬ್ಬ ಪುಟ್ಟ ದೇವದೂತನ ಕಾಲು ಮಾತ್ರ ಚಿತ್ರದಿಂದ ಹೊರಗೆ ಚಾಚಿಕೊಂಡಿದೆ, ಬರೆದದ್ದಲ್ಲ, ಮೂರ್ತಿಯ ಹಾಗೆ ಮಾಡಿದ ಕಾಲು! ಮೊದಲ ಸಲ ನೋಡಿದಾಗ ಜೋರಾಗಿ ನಕ್ಕುಬಿಟ್ಟೆ.

ಗುಡ್ಡದ ಮೇಲಿನ ಕೆಥೆಡ್ರಲ್ ಕೂಡ ನೋಡಿ. ಚಕ್ರವರ್ತಿ ಎರಡನೇ ಹೆನ್ರಿ, ರಾಣಿ ಕುನಿಗುಂಡೆ ಸಮಾಧಿ ಅಲ್ಲೇ ಇದೆ. 1047ರಲ್ಲಿ ತೀರಿಕೊಂಡ ಪೋಪ್ ಎರಡನೇ ಕ್ಲೆಮೆಂಟ್ ಸಮಾಧಿಯೂ ಅಲ್ಲೇ. ಪೋಪ್ ಆಗುವ ಮೊದಲು ಅವರು ಇದೇ ಊರಿನ ಬಿಷಪ್ ಆಗಿದ್ದರು. ನದಿ ದಡದ ಹಳೇ ಮೀನುಗಾರರ ಮನೆಗಳ ಸಾಲು, 'ಪುಟ್ಟ ವೆನಿಸ್', ಮಾತ್ರ ಫೋಟೋದಲ್ಲೇ ಜಾಸ್ತಿ ಚೆಂದ.

ಇನ್ನು ಬಿಯರ್. ಇಲ್ಲಿನ ವಿಶೇಷ ರೌಖ್‌ಬಿಯರ್, ಅಂದರೆ ಹೊಗೆ ಬಿಯರ್. ಮೊಳಕೆ ಬರಿಸಿದ ಬಾರ್ಲಿಯನ್ನು ಬೀಚ್ ಮರದ ಸೌದೆಯ ಹೊಗೆಯಲ್ಲಿ ಒಣಗಿಸುತ್ತಾರೆ. ಒಂದು ಕಾಲಕ್ಕೆ ಬಾರ್ಲಿ ಒಣಗಿಸಲು ಎಲ್ಲ ಕಡೆ ಬೆಂಕಿಯೇ ಗತಿ, ಆದ್ದರಿಂದ ಬಹಳಷ್ಟು ಬಿಯರ್‌ಗಳಿಗೆ ಹೊಗೆವಾಸನೆ ಇದ್ದೇ ಇರುತ್ತಿತ್ತು. ಹೊಗೆ ತಾಗದ ಹಾಗೆ ಬಿಸಿಗಾಳಿಯಲ್ಲಿ ಒಣಗಿಸುವ ಗೂಡುಗಳು ಬಂದ ಮೇಲೆ ಎಲ್ಲರೂ ಅದನ್ನು ಬಿಟ್ಟರು. ಇಲ್ಲಿನ ಶ್ಲೆಂಕರ್ಲಾ ಮತ್ತು ಸ್ಪೆಟ್ಸಿಯಾಲ್ ಎಂಬ ಎರಡು ಬಿಯರ್ ಮನೆಗಳು ಮಾತ್ರ ಬಿಡಲಿಲ್ಲ.

ಶ್ಲೆಂಕರ್ಲಾದ ಇತಿಹಾಸ 1405ರ ದಾಖಲೆಗಳವರೆಗೆ ಹೋಗುತ್ತದೆ. ತಗ್ಗು ಛಾವಣಿ, ಕಪ್ಪಾದ ಮರದ ತೊಲೆಗಳು, ಒಂದೇ ಮೇಜಿಗೆ ಗುರುತಿಲ್ಲದವರ ಜೊತೆ ಒತ್ತಿಕೊಂಡು ಕೂರಬೇಕು. ಮರದ ಪೀಪಾಯಿಯಿಂದ ನೇರ ಗ್ಲಾಸಿಗೆ ಇಳಿಯುತ್ತದೆ. ಕಡು ಕಂದು ಬಣ್ಣ, ಮೇಲೆ ಕೆನೆಯಂಥ ನೊರೆ. ಮೊದಲ ಗುಟುಕಿಗೆ ಮಲೆನಾಡಿನ ಬಚ್ಚಲೊಲೆ ಮುಂದೆ ಕೂತ ಹಾಗಾಯಿತು, ಸ್ವಲ್ಪ ಮುಖ ಕಿವುಚಿದೆ ಕೂಡ. ಒಂದು ಗ್ಲಾಸಿಗೇ ತೀರ್ಪು ಕೊಡಬೇಡಿ ಅನ್ನುತ್ತಾರೆ ಅಲ್ಲಿಯವರು, ಸರಿಯಾದ ಮಾತೇ. ಎರಡನೆಯದರ ಅರ್ಧಕ್ಕೆ ಬರುವಷ್ಟರಲ್ಲಿ ಹೊಗೆ ಹಿಂದೆ ಸರಿದು ಬಾರ್ಲಿಯ ಸಿಹಿ, ಕೊನೆಗೊಂದು ಒಣ ಕಹಿ ಸಿಗತೊಡಗಿತು. ಶೇಕಡ 5.1ರಷ್ಟು ಆಲ್ಕೋಹಾಲ್ ಅಷ್ಟೇ, ಗಾಬರಿ ಬೇಡ.

ತಮಾಷೆ ಅಂದರೆ, ಇವರ ಹೆಲ್ಲೆಸ್ ಎಂಬ ತಿಳಿ ಬಣ್ಣದ ಬಿಯರ್‌ಗೆ ಹೊಗೆ ಹಾಕಿದ ಬಾರ್ಲಿ ಸೇರಿಸುವುದೇ ಇಲ್ಲ. ಆದರೂ ಅದೇ ಹಂಡೆ, ಅದೇ ಯೀಸ್ಟ್ ಬಳಸುವುದರಿಂದ ಹೊಗೆ ಅಲ್ಲಿಗೂ ನುಸುಳಿಬಿಡುತ್ತದೆ!

ತಿನ್ನಲು ಬಾಂಬರ್ಗ್‌ನ ಈರುಳ್ಳಿ ಪ್ರಸಿದ್ಧ. ಒಳಗೆ ಕೊಚ್ಚಿದ ಮಾಂಸ, ಮೇಲೆ ಬಿಯರ್ ಸಾಸ್. ಸಸ್ಯಾಹಾರಿಗಳು ಸುಮ್ನೆ ಬ್ರೆಟ್ಸೆಲ್ (ಗಂಟು ಹಾಕಿದಂಥ ಬ್ರೆಡ್), ಚೀಸ್ ಹೇಳಿಕೊಳ್ಳಿ.

ಸ್ಪೆಟ್ಸಿಯಾಲ್ ನದಿಯ ಆ ಕಡೆ, 1536ರಿಂದ ಇದೆ. ಅಲ್ಲಿನ ಹೊಗೆ ಮೆದು. ಹೊಸಬರು ಅಲ್ಲೇ ಶುರು ಮಾಡಿದರೆ ಒಳ್ಳೆಯದು, ಶ್ಲೆಂಕರ್ಲಾ ಆಮೇಲೆ. ಬೇಸಿಗೆಯಾದರೆ ಗುಡ್ಡದ ಮೇಲಿನ ಸ್ಪೆಟ್ಸಿಯಾಲ್ ಕೆಲ್ಲರ್‌ಗೆ ಹತ್ತಿ. ಹಿಂದೆ ಬಿಯರ್ ತಣ್ಣಗಿರಲಿ ಎಂದು ಗುಡ್ಡ ಕೊರೆದು ನೆಲಮಾಳಿಗೆ ಮಾಡುತ್ತಿದ್ದರು, ಈಗ ಜನ ಅದರ ಮೇಲಿನ ಮರದ ನೆರಳಲ್ಲಿ ಕೂತು ಕುಡಿಯುತ್ತಾರೆ. ಎದುರಿಗೇ ಕೆಥೆಡ್ರಲ್ ಗೋಪುರಗಳು ಕಾಣುತ್ತವೆ. ಸಂಜೆ ಜಾಗ ಸಿಗುವುದು ಕಷ್ಟ, ಸ್ವಲ್ಪ ಬೇಗ ಹೋಗಿ.